ರೈಟ್ ಆಫ್‌ಗೆ "ಸಾಲ ಮನ್ನಾ" ಅಂತ ಬರೆಯೋದು ಸರೀನಾ?

ಎಲ್ಲರಿಗೂ ನಮಸ್ಕಾರ,

ಪೇಪರ್‌ನಲ್ಲಿ "ಉದ್ಯಮಿಗಳ ಸಾವಿರಾರು ಕೋಟಿ ಸಾಲ ಮನ್ನಾ" ಅಂತ ಹೆಡ್ಡಿಂಗ್ ಇರತ್ತೆ, ಒಳಗೆ ಓದಿದ್ರೆ ಅದು ರೈಟ್ ಆಫ್, ಅಂದ್ರೆ ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ಸಾಲ ತೆಗೆಯೋದು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಆಗಿ ಜನರ ಕೈಯಲ್ಲಿ ಕೆಲಸ ಇಲ್ದಿದ್ದ ಹೊತ್ತಲ್ಲಿ, 50 ಉದ್ದೇಶಪೂರ್ವಕ ಸುಸ್ತಿದಾರರ (ಕಟ್ಟೋ ಶಕ್ತಿ ಇದ್ರೂ ಸಾಲ ಕಟ್ಟದೋರ) 68,607 ಕೋಟಿ ಸಾಲ ರೈಟ್ ಆಫ್ ಆದ ವಿಷಯ ಆರ್‌ಟಿಐ ಉತ್ತರದಲ್ಲಿ ಹೊರಬಿತ್ತಲ್ಲ, ಆಗ ಜಗಳ ಆಗಿದ್ದೇ ಈ ಪದದ ಮೇಲೆ. ಇದು ಮನ್ನಾ ಅಲ್ಲ ಅಂತ ನಿರ್ಮಲಾ ಸೀತಾರಾಮನ್ ಹೇಳಿದ್ರು. ಲೆಕ್ಕದ ಭಾಷೇಲಿ ಅವರು ಹೇಳಿದ್ದು ಸರೀನೇ.

2008ರಲ್ಲಿ ಕೇಂದ್ರ, 2018ರಲ್ಲಿ ಇಲ್ಲಿ ಕುಮಾರಸ್ವಾಮಿ ಸರ್ಕಾರ ಮಾಡಿದ್ದು ಮನ್ನಾ, ಅಂದ್ರೆ ರೈತನ ಪರವಾಗಿ ಸರ್ಕಾರ ಬ್ಯಾಂಕಿಗೆ ದುಡ್ಡು ಕೊಟ್ಟು ಅಷ್ಟರ ಮಟ್ಟಿಗೆ ರೈತನ ಸಾಲ ತೀರಿಸೋದು. ರೈಟ್ ಆಫ್‌ನಲ್ಲಿ ಹಾಗಲ್ಲ, ಇದು ಇನ್ನು ವಸೂಲಾಗಲ್ಲ ಅಂತ ಬ್ಯಾಂಕು ತನ್ನ ಪುಸ್ತಕದಿಂದ ಸಾಲವನ್ನ ತೆಗೆದುಹಾಕತ್ತೆ, ಅದನ್ನ ನಷ್ಟ ಅಂತ ತೋರಿಸಿ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲೂ ಕಳೀಬಹುದು, ಆದ್ರೆ ಸಾಲಗಾರ ಮಾತ್ರ ಸಾಲಗಾರನಾಗೇ ಇರ್ತಾನೆ, ಕೋರ್ಟು ಜಪ್ತಿ ಹರಾಜು ಎಲ್ಲಾ ಆಮೇಲೂ ನಡೀಬಹುದು.

ಸಾಲದ್ದಕ್ಕೆ 2020ರಲ್ಲೇ ಮನ್ನಾ ಅನ್ನೋ ಪದಕ್ಕೆ ಮೂರನೇ ಅರ್ಥಾನೂ ಸೇರ್ಕೊಳ್ತು. ಲಾಕ್‌ಡೌನ್ ಅಂತ ಮಾರ್ಚ್‌ನಿಂದ ಆಗಸ್ಟ್ ಕೊನೇವರೆಗೂ ಸಾಲದ ಕಂತು ಮುಂದೂಡಿದ್ರಲ್ಲ, ಅಕ್ಟೋಬರ್‌ನಲ್ಲಿ 2 ಕೋಟಿವರೆಗಿನ ಸಾಲಕ್ಕೆ ಸರ್ಕಾರ ಕೊಟ್ಟಿದ್ದು ಚಕ್ರಬಡ್ಡಿಗೂ ಸರಳಬಡ್ಡಿಗೂ ಇರೋ ವ್ಯತ್ಯಾಸ ಅಷ್ಟೇ, ಆದ್ರೆ "ಬಡ್ಡಿ ಮನ್ನಾ" ಅಂತ ಓದಿದೋರು ಆರು ತಿಂಗಳ ಬಡ್ಡೀನೇ ಹೋಯ್ತು ಅಂದ್ಕೊಂಡ್ರು. ಪೂರ್ತಿ ಬಡ್ಡಿ ಬಿಡಕ್ಕಾಗಲ್ಲ ಅಂತ ಸುಪ್ರೀಂ ಕೋರ್ಟು 2021ರ ಮಾರ್ಚ್‌ನಲ್ಲಿ ಹೇಳ್ತು.

ಇಷ್ಟೆಲ್ಲ ಹೇಳಿ ನಂಗೇ ಒಂದು ಅನುಮಾನ. ಬೇರೆ ಪದ ಹುಡುಕಿದ್ರೆ ದೊಡ್ಡ ಸುಸ್ತಿದಾರರಿಗೆ ನಾವೇ ಮರ್ಯಾದೆಯ ಹೆಸರು ಕೊಟ್ಟ ಹಾಗಾಗಲ್ವಾ? ಯಾಕಂದ್ರೆ ಕೆಟ್ಟ ಸಾಲದಿಂದ ಸೊರಗಿದ್ದ ಸರ್ಕಾರಿ ಬ್ಯಾಂಕುಗಳಿಗೆ ಬಂಡವಾಳ ತುಂಬಕ್ಕೆ 2017ರ ಅಕ್ಟೋಬರ್‌ನಲ್ಲಿ 2.11 ಲಕ್ಷ ಕೋಟಿ ಯೋಜನೆ ಮಾಡಿದ್ರು, ಅದ್ರಲ್ಲಿ 1.35 ಲಕ್ಷ ಕೋಟಿ ಬಾಂಡು, ಆ ಬಾಂಡಿನ ಬಡ್ಡಿ ಹೋಗೋದು ಬಜೆಟ್‌ನಿಂದ, ಅಂದ್ರೆ ನಾವು ಕಟ್ಟೋ ತೆರಿಗೆಯಿಂದ. ರೈತಂದು ಮನ್ನಾ ಮಾಡಿದ್ರೆ ಬೊಕ್ಕಸಕ್ಕೆ ಹೊರೆ ಅಂತಾರೆ, ರೈಟ್ ಆಫ್ ಮಾತ್ರ ತಾಂತ್ರಿಕ ಕ್ರಮ ಅಂತೆ! ಆದ್ರೂ ಪದ ಬೇರೆ ಇರಲೇಬೇಕು, ಇಲ್ದಿದ್ರೆ "ಮನ್ನಾ ಅಲ್ಲ" ಅಂದ್ಬಿಟ್ಟು ಚರ್ಚೇನೇ ಮುಗಿಸ್ತಾರೆ, ವಸೂಲಿ ಎಷ್ಟಾಯ್ತು ಅನ್ನೋ ಪ್ರಶ್ನೆ ಹಾಗೇ ಉಳಿಯತ್ತೆ.

"ವಜಾ ಸಾಲ" ಅನ್ನೋಣ ಅಂದ್ರೆ ಹಳೇ ಲೆಕ್ಕಪತ್ರ ಗೊತ್ತಿರೋರಿಗೆ ಸರಿ (ಅಲ್ಲಿ ವಜಾ ಅಂದ್ರೆ ಕಳೆಯೋದು), ಉಳಿದೋರಿಗೆ ಕೆಲಸದಿಂದ ತೆಗೆಯೋದೇ ನೆನಪಾಗೋದು. "ವಸೂಲಾಗದ ಸಾಲ" ಎನ್‌ಪಿಎಗೆ, ಅಂದ್ರೆ ಕಂತು ಬಡ್ಡಿ ಬರೋದು ನಿಂತಿರೋ ಸಾಲಕ್ಕೆ, ಆಗ್ಲೇ ಬಳಕೇಲಿದೆ. ಮಾಫಿ ಅಂದ್ರೂ ಮನ್ನಾನೇ. "ಪುಸ್ತಕದಿಂದ ಕೈಬಿಟ್ಟ ಸಾಲ" ನಂಗೆ ಪರವಾಗಿಲ್ಲ ಅನ್ಸತ್ತೆ, ಹೆಡ್ಡಿಂಗ್‌ಗೆ ಉದ್ದ ಆಯ್ತು. ಪತ್ತಿನ ಸಂಘ, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕ್‌ಗಳಲ್ಲಿ ಕೆಲಸ ಮಾಡಿದೋರು ಇಲ್ಲಿ ಇದ್ದೀರಲ್ಲ, ನಿಮ್ಮ ಕಡೆ ವಾರ್ಷಿಕ ವರದೀಲಿ ಇದಕ್ಕೆ ಏನಂತ ಬರೀತಿದ್ರಿ?