ಪದಚರ್ಚೆ: ಪ್ರದೇಶ, ಮಧ್ಯಪ್ರಾಚ್ಯ, ನಿರಾಶ್ರಿತ, ಹವಾಮಾನ – ಪದವಿ ತರಗತಿಗೆ ಯಾವುದು?

ಬಳಗದವರಿಗೆಲ್ಲ ನಮಸ್ಕಾರ.

ಬಿ.ಎ. ಕನ್ನಡ ಮಾಧ್ಯಮದವರಿಗಾಗಿ ಜಗತ್ತಿನ ಪ್ರದೇಶಗಳು ಮತ್ತು ಜಾಗತಿಕ ಸಮಸ್ಯೆಗಳು ಎಂಬ ಪತ್ರಿಕೆಯ ಓದುಸಾಮಗ್ರಿ ಕನ್ನಡಕ್ಕೆ ಬರುತ್ತಿದೆ. ಕೆಲವು ಕಡೆ ತೊಡಕಾಗಿದೆ. ‘ರೀಜನ್’ಗೆ ಒಬ್ಬರು ಪ್ರದೇಶ ಎಂದು ಬರೆದರೆ ಇನ್ನೊಬ್ಬರು ವಲಯ, ಮತ್ತೊಬ್ಬರು ಪ್ರಾಂತ್ಯ ಎಂದಿದ್ದಾರೆ, ಒಂದೇ ಅಧ್ಯಾಯದಲ್ಲಿ ಮೂರೂ ಇವೆ. ‘ಮಿಡ್ಲ್ ಈಸ್ಟ್’ಗೆ ಮಧ್ಯಪ್ರಾಚ್ಯ, ಪಶ್ಚಿಮ ಏಷ್ಯಾ ಎರಡೂ ಓಡಾಡುತ್ತಿವೆ. ಎರಡೂ ಒಂದೇನಾ? ‘ರೆಫ್ಯೂಜಿ’ಗೆ ನಿರಾಶ್ರಿತ ಎಂದರೆ ಸಾಕೇ? ಸಾಕು ಎನ್ನುವುದಾದರೆ, ದೇಶದೊಳಗೇ ಊರು ಬಿಟ್ಟು ಓಡಿದವರಿಗೆ ಏನೆನ್ನಬೇಕು? ಕೊನೆಯದು ‘ಕ್ಲೈಮೇಟ್ ಚೇಂಜ್’: ಹವಾಮಾನ ಬದಲಾವಣೆಯೋ, ವಾಯುಗುಣ ಬದಲಾವಣೆಯೋ?

ನಿಘಂಟಿನ ಅರ್ಥಗಳು ಕೈಯಲ್ಲಿವೆ. ಪಾಠದಲ್ಲಿ, ಪರೀಕ್ಷೆಯ ಉತ್ತರದಲ್ಲಿ ಯಾವ ಪದ ಎಲ್ಲಿ ಕೈಕೊಡುತ್ತದೆ ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಭೂಗೋಳದ ಅಧ್ಯಾಪಕರೊಬ್ಬರಿಂದ

ಸರ್, ‘ರೀಜನ್’ಗೆ ಪ್ರದೇಶವನ್ನೇ ಇಟ್ಟುಕೊಳ್ಳಿ. ಆ ಪದದ ಮೇಲೆ ಹೊರೆ ಜಾಸ್ತಿ, ನಿಜ: ಕೇಂದ್ರಾಡಳಿತ ಪ್ರದೇಶ ಎಂದರೆ ಆಡಳಿತದ ಘಟಕ, ಗುಡ್ಡಗಾಡು ಪ್ರದೇಶ ಎಂದರೆ ಬರೀ ಜಾಗ, ಉತ್ತರ ಪ್ರದೇಶ ಎಂದರೆ ಒಂದು ರಾಜ್ಯ. ಆದರೂ ಉಳಿದೆರಡಕ್ಕೆ ಬೇರೆ ಕೆಲಸ ಇದೆ. ಅಳತೆಯಿಂದಲೋ ಆದೇಶದಿಂದಲೋ ಗೆರೆ ಎಳೆದದ್ದು ವಲಯ: ಉಷ್ಣವಲಯ, ರೈಲ್ವೆ ವಲಯ, ವಿಶೇಷ ಆರ್ಥಿಕ ವಲಯ. (ಕಡಲತೀರದಿಂದ 200 ನಾಟಿಕಲ್ ಮೈಲಿವರೆಗಿನ ಹಕ್ಕಿನ ಪಟ್ಟಿಗೂ ಕೆಲವರು ‘ವಿಶೇಷ ಆರ್ಥಿಕ ವಲಯ’ ಎಂದೇ ಬರೆದುಬಿಡುತ್ತಾರೆ. ಅದಕ್ಕೆ ‘ಅನನ್ಯ ಆರ್ಥಿಕ ವಲಯ’ ಎನ್ನಿ. ಇಲ್ಲದಿದ್ದರೆ ಮೀನುಗಾರಿಕೆಯ ಪಾಠಕ್ಕೆ ರಫ್ತು ಕಾರ್ಖಾನೆಗಳು ಬಂದು ಕೂರುತ್ತವೆ.) ಪ್ರಾಂತ್ಯ ಎಂದರೆ ದೇಶವೊಂದರ ಆಡಳಿತ ವಿಭಾಗ: ಕೆನಡಾದ 10 ಪ್ರಾಂತ್ಯಗಳು, ಪಾಕಿಸ್ತಾನದ ಸಿಂಧ್ ಪ್ರಾಂತ್ಯ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಹಲವು ದೇಶಗಳಿಗೆ ಹರಡಿದ ನೆಲವನ್ನು ‘ಸಾಹೆಲ್ ಪ್ರಾಂತ್ಯ’ ಎಂದು ಬರೆದರೆ ಓದುವ ಹುಡುಗರು ಅದಕ್ಕೊಬ್ಬ ರಾಜ್ಯಪಾಲರನ್ನು ಹುಡುಕುತ್ತಾರೆ.

ಪ್ರದೇಶಗಳ ಬಗೆಗಳಲ್ಲಿ ಇನ್ನೊಂದು ಎಡವಟ್ಟಿದೆ. ‘ಫಾರ್ಮಲ್ ರೀಜನ್’ಗೆ ಔಪಚಾರಿಕ ಪ್ರದೇಶ ಎಂದು ಹಾಕಬೇಡಿ. ನಮ್ಮಲ್ಲಿ ಔಪಚಾರಿಕ ಎಂದರೆ ಶಿಷ್ಟಾಚಾರಕ್ಕೆ ಮಾಡಿದ್ದು. ಮಳೆ, ಮಣ್ಣು, ಭಾಷೆ – ಯಾವುದೋ ಒಂದು ಲಕ್ಷಣ ಉದ್ದಗಲಕ್ಕೂ ಇರುವ ನೆಲ ಅದು, ಆದ್ದರಿಂದ ‘ಏಕರೂಪ ಪ್ರದೇಶ’. ‘ಫಂಕ್ಷನಲ್’ಗೆ ಕಾರ್ಯಾತ್ಮಕ ಆಗಬಹುದು, ಆದರೆ ಅದರ ಕೇಂದ್ರ ಯಾವುದೆಂದು ಅದೇ ವಾಕ್ಯದಲ್ಲಿ ಹೇಳಬೇಕು. ಒಂದು ಡೇರಿಗೆ ಹಾಲು ಬರುವ ಹಳ್ಳಿಗಳಷ್ಟೂ ಸೇರಿದರೆ ಒಂದು ಕಾರ್ಯಾತ್ಮಕ ಪ್ರದೇಶ; ಹಾಲಿನ ಗಾಡಿ ದಾರಿ ಬದಲಿಸಿದರೆ ಅದರ ಗಡಿಯೂ ಬದಲು. ಮೂರನೆಯದು ಗ್ರಹಿಕೆಯ ಪ್ರದೇಶ. ಮಳೆಯ ಲೆಕ್ಕದಲ್ಲಿ ಮಲೆನಾಡು ಏಕರೂಪ ಪ್ರದೇಶ, ‘ನಮ್ಮದು ಮಲೆನಾಡು’ ಎಂದು ಜನ ಹೇಳಿಕೊಳ್ಳುವ ಮಲೆನಾಡು ಗ್ರಹಿಕೆಯದು. ಎರಡರ ಗಡಿ ಒಂದೇ ಆಗಬೇಕಿಲ್ಲ.

ಈಗ ಮಧ್ಯಪ್ರಾಚ್ಯ. ಆ ಇಂಗ್ಲಿಷ್ ಹೆಸರನ್ನು ಚಲಾವಣೆಗೆ ತಂದವರು ಅಮೆರಿಕದ ನೌಕಾಧಿಕಾರಿ ಆಲ್ಫ್ರೆಡ್ ಥಾಯರ್ ಮಹಾನ್. 1902ರಲ್ಲಿ, ಪರ್ಷಿಯನ್ ಕೊಲ್ಲಿಯ ಸುತ್ತಲಿನ ಜಾಗದ ಬಗ್ಗೆ ಬರೆಯುತ್ತ. ಯುರೋಪಿನಲ್ಲಿ ನಿಂತು ನೋಡಿದರೆ ಅದು ಪೂರ್ವ, ಮಂಗಳೂರಿನಲ್ಲಿ ನಿಂತರೆ ಪಡುವಣ. ಈ ತಕರಾರು ಹಳೆಯದು, ಎಲ್ಲರಿಗೂ ಗೊತ್ತಿರುವುದು. ಕನ್ನಡದ ತೊಂದರೆ ಬೇರೆ. ‘ಪ್ರಾಚ್ಯ’ ನಮ್ಮ ಹುಡುಗರಿಗೆ ಪರಿಚಯವಾಗುವುದು ಪ್ರಾಚ್ಯವಸ್ತು, ಪ್ರಾಚ್ಯವಿದ್ಯೆ ಎಂಬ ಮಾತುಗಳಿಂದ, ಹಾಗಾಗಿ ಅದು ‘ಹಳೆಯದು’ ಎಂದೇ ಕೇಳಿಸುತ್ತದೆ. ಇದಕ್ಕಿಂತ ಕೆಟ್ಟದ್ದು ‘ಮಧ್ಯ’. ಮಧ್ಯ ಏಷ್ಯಾ ಎಂಬ ಇನ್ನೊಂದು ಪ್ರದೇಶ ಪಠ್ಯದಲ್ಲೇ ಇದೆಯಲ್ಲ: ಕಜಕಸ್ತಾನ, ಕಿರ್ಗಿಸ್ತಾನ, ತಜಕಿಸ್ತಾನ, ತುರ್ಕಮೆನಿಸ್ತಾನ, ಉಜ್ಬೇಕಿಸ್ತಾನ. ಎರಡು ಹೆಸರೂ ‘ಮಧ್ಯ’ದಿಂದ ಶುರುವಾಗುವುದರಿಂದ ಉತ್ತರಪತ್ರಿಕೆಯಲ್ಲಿ ತಾಷ್ಕೆಂಟ್ ಬಾಗ್ದಾದಿನ ಪಕ್ಕಕ್ಕೆ ಬರುತ್ತದೆ. ಇದೊಂದೇ ಕಾರಣಕ್ಕೆ ತರಗತಿಯಿಂದ ಮಧ್ಯಪ್ರಾಚ್ಯವನ್ನು ಕೈಬಿಡಬಹುದು.

ಹಾಗಾದರೆ ಪಶ್ಚಿಮ ಏಷ್ಯಾ? ನಮ್ಮ ವಿದೇಶಾಂಗ ಸಚಿವಾಲಯ ಬಳಸುವುದು ಇದನ್ನೇ. ಉತ್ತರ ಆಫ್ರಿಕಾದ ಜೊತೆ ಸೇರಿಸಿ ಒಂದು ವಿಭಾಗವನ್ನೇ ಇಟ್ಟಿದೆ. ಆದರೆ ಒಂದನ್ನು ಅಳಿಸಿ ಇನ್ನೊಂದನ್ನು ಬರೆದರೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಎರಡರೊಳಗೆ ಬರುವ ದೇಶಗಳು ಬೇರೆ ಬೇರೆ. ನಾಲ್ಕು ದೇಶಗಳನ್ನು ಕೇಳಿ ನೋಡಿ: ಈಜಿಪ್ಟ್, ಇರಾನ್, ಟರ್ಕಿ, ಅಫ್ಘಾನಿಸ್ತಾನ.

ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗದ ಎಂ49 ಪಟ್ಟಿಯಲ್ಲಿ ಪಶ್ಚಿಮ ಏಷ್ಯಾ ಎಂದರೆ 18 ಹೆಸರು. ಟರ್ಕಿ ಒಳಗೆ. ಸೈಪ್ರಸ್, ಜಾರ್ಜಿಯಾ, ಅರ್ಮೇನಿಯಾ, ಅಜರ್‌ಬೈಜಾನ್ ಕೂಡ ಒಳಗೆ. ಕೊನೆಯ ಈ ನಾಲ್ಕನ್ನು ಪತ್ರಿಕೆಗಳು ಸಾಮಾನ್ಯವಾಗಿ ಮಧ್ಯಪ್ರಾಚ್ಯ ಎಂದು ಕರೆಯುವುದಿಲ್ಲ. ಈಜಿಪ್ಟ್ ಉತ್ತರ ಆಫ್ರಿಕಾಕ್ಕೆ ಹೋಯಿತು. ಇರಾನ್ ಮತ್ತು ಅಫ್ಘಾನಿಸ್ತಾನ ದಕ್ಷಿಣ ಏಷ್ಯಾದಲ್ಲಿವೆ, ಭಾರತದ ಜೊತೆ! ಹೀಗಾಗಿ ವಿಶ್ವಸಂಸ್ಥೆಯ ದಕ್ಷಿಣ ಏಷ್ಯಾದಲ್ಲಿ 9 ದೇಶ, ದಕ್ಷಿಣ ಏಷ್ಯಾದ ದೇಶಗಳ ಸಹಕಾರ ಸಂಘಟನೆಯಾದ ಸಾರ್ಕ್‌ನಲ್ಲಿ 8. ವ್ಯತ್ಯಾಸ ಇರಾನ್ ಒಂದೇ. ವಿಶ್ವಬ್ಯಾಂಕ್ ಇರಾನನ್ನು ದಕ್ಷಿಣ ಏಷ್ಯಾಕ್ಕೆ ಸೇರಿಸಿಲ್ಲ, ಟರ್ಕಿಯನ್ನು ಯುರೋಪ್–ಮಧ್ಯ ಏಷ್ಯಾ ಗುಂಪಿಗೆ ಹಾಕಿದೆ.

ಇದು ಬರೀ ಹೆಸರಿನ ಜಗಳವಲ್ಲ. ಯೋಜನಾ ಪ್ರಬಂಧ ಬರೆಯುವವರು ದಕ್ಷಿಣ ಏಷ್ಯಾದ ಜನಸಂಖ್ಯೆಯನ್ನು ವಿಶ್ವಸಂಸ್ಥೆಯ ಕೋಷ್ಟಕದಿಂದ, ರಾಷ್ಟ್ರೀಯ ಆದಾಯವನ್ನು ವಿಶ್ವಬ್ಯಾಂಕಿನ ಕೋಷ್ಟಕದಿಂದ ತೆಗೆದು ಭಾಗಿಸುತ್ತಾರೆ. ಕೆಳಗೆ ಇರಾನಿನ ಸುಮಾರು 9 ಕೋಟಿ ಜನ ಇದ್ದಾರೆ, ಮೇಲೆ ಅವರ ಆದಾಯ ಇಲ್ಲ. ತಲಾ ಆದಾಯ ಇರುವುದಕ್ಕಿಂತ ಕಡಿಮೆ ಬರುತ್ತದೆ. ಲೆಕ್ಕ ಸರಿಯಾಗಿಯೇ ಇರುವುದರಿಂದ ತಪ್ಪು ಎಲ್ಲಿದೆ ಎಂದು ತಿಳಿಯುವುದೂ ಇಲ್ಲ. ಆದ್ದರಿಂದ ಪ್ರತಿ ಅಧ್ಯಾಯದ ಮೊದಲ ಪುಟದಲ್ಲಿ ‘ಇಲ್ಲಿ ಪಶ್ಚಿಮ ಏಷ್ಯಾ ಎಂದರೆ ಇಂತಿಂಥ ದೇಶಗಳು, ಇಂಥ ಸಂಸ್ಥೆಯ ಪಟ್ಟಿಯಂತೆ’ ಎಂದು ದೇಶಗಳ ಹೆಸರು ಬಿಡಿಸಿ ಬರೆದು, ಆಮೇಲೆ ಕೋಷ್ಟಕ ಮಾಡಿ.

ಇನ್ನೆರಡು ಹೆಸರು ಇದರ ಜೊತೆ ಕಲಸಿಹೋಗುತ್ತವೆ. ಅರಬ್ ದೇಶಗಳು ಎಂದರೆ 1945ರಲ್ಲಿ ಕೈರೋದಲ್ಲಿ ಹುಟ್ಟಿದ ಅರಬ್ ಲೀಗ್‌ನ 22 ಸದಸ್ಯರು ಎಂದಿಟ್ಟುಕೊಂಡರೆ ಮಾರಿಟೇನಿಯಾ, ಸೊಮಾಲಿಯಾ ಸೇರುತ್ತವೆ. ಇರಾನ್, ಟರ್ಕಿ ಸೇರುವುದಿಲ್ಲ. ಕೊಲ್ಲಿ ರಾಷ್ಟ್ರಗಳು ಎಂದರೆ ಸಾಮಾನ್ಯವಾಗಿ 1981ರ ಕೊಲ್ಲಿ ಸಹಕಾರ ಮಂಡಳಿಯ ಆರು: ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಬಹ್ರೇನ್, ಒಮಾನ್. ಇರಾನ್, ಇರಾಕ್‌ಗಳಿಗೂ ಅದೇ ಕೊಲ್ಲಿಯ ದಂಡೆ ಇದೆ, ಆದರೂ ಅವು ಆ ಮಂಡಳಿಯಲ್ಲಿಲ್ಲ. ಉಡುಪಿ, ಭಟ್ಕಳದ ಕಡೆ ‘ಮಗ ಗಲ್ಫ್‌ನಲ್ಲಿದ್ದಾನೆ’ ಎಂದರೆ ಈ ಆರರಲ್ಲಿ ಒಂದು ಕಡೆ ಎಂದೇ ಅರ್ಥ. ನಮ್ಮ ಕರಾವಳಿಯ ಮಾತು ಇಲ್ಲಿ ಪಠ್ಯಪುಸ್ತಕಕ್ಕಿಂತ ಖಚಿತ.

ಉತ್ತರ: ಕಾನೂನು ಬಲ್ಲವರೊಬ್ಬರಿಂದ

ನಿರಾಶ್ರಿತದ ಬಗ್ಗೆ ಮಾತ್ರ ಹೇಳುತ್ತೇನೆ.

ಕನ್ನಡದಲ್ಲಿ ಆ ಪದದ ಹರವು ದೊಡ್ಡದು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಭಿಕ್ಷುಕರನ್ನು ಇರಿಸುವ ಸರ್ಕಾರಿ ಕೇಂದ್ರದ ಹೆಸರೇ ನಿರಾಶ್ರಿತರ ಪರಿಹಾರ ಕೇಂದ್ರ. ನೆರೆ ಬಂದಾಗ ಗಂಜಿಕೇಂದ್ರದಲ್ಲಿ ಇರುವವರೂ ಪತ್ರಿಕೆಗಳಲ್ಲಿ ನಿರಾಶ್ರಿತರು. ಕಾನೂನಿನ ‘ರೆಫ್ಯೂಜಿ’ ಇವರಿಬ್ಬರೂ ಅಲ್ಲ. ನಿರಾಶ್ರಿತರ ಬಗೆಗಿನ ವಿಶ್ವಸಂಸ್ಥೆಯ 1951ರ ಒಪ್ಪಂದದ ಪ್ರಕಾರ ಮೂರು ಸಂಗತಿ ಕೂಡಬೇಕು: ತನ್ನ ದೇಶದ ಗಡಿ ದಾಟಿರಬೇಕು, ಕಿರುಕುಳಕ್ಕೆ ಒಳಗಾಗುವ ಭಯಕ್ಕೆ ತಕ್ಕ ಆಧಾರ ಇರಬೇಕು, ಆ ಕಿರುಕುಳ ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದರೂ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ – ಈ ಐದರಲ್ಲಿ ಒಂದರ ಕಾರಣಕ್ಕೆ ಆಗಿರಬೇಕು. ಮೂಲ ಒಪ್ಪಂದ 1951ರ ಜನವರಿ 1ಕ್ಕೆ ಮುಂಚಿನ ಘಟನೆಗಳಿಗಷ್ಟೇ ಅನ್ವಯಿಸುತ್ತಿತ್ತು, 1967ರ ಪ್ರೋಟೊಕಾಲ್ (ಪೂರಕ ಒಪ್ಪಂದ) ಆ ಮಿತಿಯನ್ನು ತೆಗೆಯಿತು. ಹಸಿವು, ಬರ, ನಿರುದ್ಯೋಗ ಐದರಲ್ಲಿಲ್ಲ ಎಂಬುದನ್ನು ಒತ್ತಿ ಹೇಳಿ. ಉತ್ತರಪತ್ರಿಕೆಗಳಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲೇ.

ಪ್ರದೇಶಗಳ ಪತ್ರಿಕೆ ಆದ್ದರಿಂದ ಇನ್ನೊಂದು ಮಾತು: ವ್ಯಾಖ್ಯೆ ಪ್ರದೇಶಕ್ಕೆ ತಕ್ಕಂತೆ ಅಗಲವಾಗುತ್ತದೆ. ಆಫ್ರಿಕಾದ 1969ರ ಒಪ್ಪಂದ ಹೊರಗಿನ ಆಕ್ರಮಣ, ಸಾರ್ವಜನಿಕ ಶಾಂತಿ ಗಂಭೀರವಾಗಿ ಕದಡಿದ ಸ್ಥಿತಿಗಳಿಂದ ಓಡಿಬಂದವರನ್ನೂ ಸೇರಿಸಿಕೊಂಡಿತು. ಲ್ಯಾಟಿನ್ ಅಮೆರಿಕದಲ್ಲಿ 1984ರ ಕಾರ್ತಜೆನಾ ಘೋಷಣೆ ಅದೇ ಜಾಡು ಹಿಡಿಯಿತು. ಸುಡಾನಿನ ಯುದ್ಧದಿಂದ ಚಾಡ್‌ಗೆ ಬಂದವರನ್ನು 1951ರ ಒಪ್ಪಂದದಿಂದ ಮಾತ್ರ ಅಳೆದರೆ ಉತ್ತರ ಅರ್ಧ.

ಪದಗಳಿಗೆ ಬರೋಣ. ಹಿಂದಿಯ ಶರಣಾರ್ಥಿಯನ್ನು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಮ್ಮಲ್ಲಿ ‘ಶರಣು ಶರಣಾರ್ಥಿ’ ಎಂದರೆ ನಮಸ್ಕಾರ. ನಿರಾಶ್ರಿತ ಇರಲಿ, ಆದರೆ ಮೊದಲ ಬಾರಿ ಬಂದಾಗ ‘ಗಡಿ ದಾಟಿದ ನಿರಾಶ್ರಿತರು’ ಎಂದು ಬರೆಯಿರಿ. ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯುತ್ತಿರುವವರು ‘ಆಶ್ರಯ ಕೋರಿದವರು’. ದೇಶದೊಳಗೇ ಓಡಿದವರು ‘ಆಂತರಿಕ ಸ್ಥಳಾಂತರಿತರು’. ಕೇಳಲು ಬಿರುಸು, ಆದರೆ ಗೊಂದಲ ಇಲ್ಲ. ಅಣೆಕಟ್ಟಿನಿಂದ ಊರು ಕಳೆದುಕೊಂಡವರಿಗೆ ಬಾಗಲಕೋಟೆಯವರ ‘ಮುಳುಗಡೆ ಸಂತ್ರಸ್ತರು’ ಇದ್ದೇ ಇದೆ. ವಲಸಿಗರು ಎಂಬುದನ್ನು ಇವರಾರಿಗೂ ಹಚ್ಚಬೇಡಿ.

ಹತ್ತಿರದ ಉದಾಹರಣೆ ಬೇಕಿದ್ದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ – ಈ ಎರಡು ಕಡೆಯ ಟಿಬೆಟನ್ ಕ್ಯಾಂಪುಗಳಿವೆ. 1960ರ ದಶಕದಿಂದ ಇರುವ ಇವರನ್ನು ನಿರಾಶ್ರಿತರು ಎಂದೇ ಕರೆಯುತ್ತೇವೆ, ಆದರೆ ಭಾರತ 1951ರ ಒಪ್ಪಂದಕ್ಕೂ 1967ರ ಪ್ರೋಟೊಕಾಲ್‌ಗೂ ಸಹಿ ಹಾಕಿಲ್ಲ. ಆಶ್ರಯ ಸಿಕ್ಕದ್ದು ಸರ್ಕಾರದ ನಿರ್ಧಾರದಿಂದ, ಒಪ್ಪಂದದ ಹಕ್ಕಿನಿಂದಲ್ಲ. ‘ಭಾರತ ಒಪ್ಪಂದದ ಪ್ರಕಾರ ಟಿಬೆಟನ್ನರಿಗೆ ಜಾಗ ಕೊಟ್ಟಿತು’ ಎಂಬ ವಾಕ್ಯ ನಿಮ್ಮ ಟಿಪ್ಪಣಿಯಲ್ಲಿ ಎಲ್ಲಾದರೂ ಇದ್ದರೆ ತೆಗೆಯಿರಿ.

ಉತ್ತರ: ಪತ್ರಿಕೆಯೊಂದರ ಸುದ್ದಿಮನೆಯಿಂದ

ವಾಯುಗುಣ ಸರಿ, ಹವಾಮಾನ ಬಳಕೆಯಲ್ಲಿದೆ. ನಾವು ಶೀರ್ಷಿಕೆಯಲ್ಲಿ ಹವಾಮಾನ ಬದಲಾವಣೆ ಎಂದೇ ಹಾಕುತ್ತೇವೆ, ಓದುಗರು ಹುಡುಕುವುದೂ ಹಾಗೆಯೇ. ಆದರೆ ಹವಾಮಾನ ಇಲಾಖೆ ಹೇಳುವುದು ನಾಳೆಯ ಮಳೆಯನ್ನು. ವಾಯುಗುಣ ಎಂದರೆ 30 ವರ್ಷಗಳ ಸರಾಸರಿ, ಈಗಿನ ಅಳತೆಗೋಲು 1991ರಿಂದ 2020. ಒಂದೇ ಪದ ಎರಡಕ್ಕೂ ಇದ್ದರೆ ಮೇ ತಿಂಗಳಲ್ಲಿ ಬಿದ್ದ ಆಲಿಕಲ್ಲನ್ನೇ ಸಾಕ್ಷಿಯಾಗಿ ಬರೆಯುತ್ತಾರೆ. ಪಠ್ಯದಲ್ಲಿ ವಾಯುಗುಣ ಬದಲಾವಣೆ ಎಂದಿಟ್ಟು, ಪತ್ರಿಕೆಗಳಲ್ಲಿ ಇದನ್ನೇ ಹವಾಮಾನ ಬದಲಾವಣೆ ಎನ್ನುತ್ತಾರೆ ಎಂದು ಒಮ್ಮೆ ಹೇಳಿದರೆ ಸಾಕು.

‘ವಾಯುಗುಣ ನಿರಾಶ್ರಿತರು’ ಎಂದು ಮಾತ್ರ ಬೇಡ. ಮೇಲಿನವರು ಹೇಳಿದ ಐದು ಕಾರಣಗಳಲ್ಲಿ ಸಮುದ್ರಮಟ್ಟ ಇಲ್ಲ. ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಟಿಯಿಂದ ಬಂದವರೊಬ್ಬರು ಸಮುದ್ರಮಟ್ಟ ಏರುತ್ತಿರುವುದರಿಂದ ತಾನೂ ನಿರಾಶ್ರಿತ ಎಂಬ ವಾದ ಹಿಡಿದು ನ್ಯೂಜಿಲೆಂಡಿನ ಸುಪ್ರೀಂ ಕೋರ್ಟಿನವರೆಗೆ ಹೋದಾಗ 2015ರಲ್ಲಿ ಅವರಿಗೆ ಸೋಲಾಯಿತು.

ಮತ್ತೆ ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಎರಡು ಉಳಿದವು: ‘ಗ್ಲೋಬಲ್ ಸೌತ್’ಗೆ ಜಾಗತಿಕ ದಕ್ಷಿಣ ಎಂದರೆ ನಡೆಯುತ್ತದೆಯೇ? ಮತ್ತೆ, ವಾಯುಗುಣದ ಅಧ್ಯಾಯದಲ್ಲಿ ಬರುವ ‘ಮಿಟಿಗೇಶನ್’, ‘ಅಡಾಪ್ಟೇಶನ್’ಗೆ?

ಉತ್ತರ: ಭೂಗೋಳದ ಅಧ್ಯಾಪಕರಿಂದ

‘ಜಾಗತಿಕ ದಕ್ಷಿಣ’ ಎಂದ ಕೂಡಲೇ ಹುಡುಗರು ನಕಾಶೆಯಲ್ಲಿ ಭೂಮಧ್ಯರೇಖೆಯ ಕೆಳಗೆ ನೋಡುತ್ತಾರೆ. ಅಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸಿಗುತ್ತವೆ, ಭಾರತ ಸಿಗುವುದಿಲ್ಲ. ನಮ್ಮ ದೇಶ ಪೂರ್ತಿ ಉತ್ತರ ಗೋಳಾರ್ಧದಲ್ಲಿದೆ. ಇದು ದಿಕ್ಕಿನ ಹೆಸರಲ್ಲ. ಆದಾಯ, ವಸಾಹತು ಚರಿತ್ರೆ, ವ್ಯಾಪಾರದ ಬಲಾಬಲದ ಹೆಸರು. ಶ್ರೀಮಂತ ‘ಉತ್ತರ’ವನ್ನೂ ಬಡ ‘ದಕ್ಷಿಣ’ವನ್ನೂ ಬೇರ್ಪಡಿಸಲು 1980ರ ಬ್ರಾಂಟ್ ಆಯೋಗದ ವರದಿ ನಕಾಶೆಯಲ್ಲಿ ಎಳೆದ ಗೆರೆಯೂ ಆಸ್ಟ್ರೇಲಿಯಾದ ಹತ್ತಿರ ಕೆಳಕ್ಕೆ ಬಳುಕಿ ಅದನ್ನು ‘ಉತ್ತರ’ಕ್ಕೆ ಸೇರಿಸಿಕೊಂಡಿತು. ಗ್ಲೋಬಲ್ ಸೌತ್ ಎಂದೇ ಕನ್ನಡ ಲಿಪಿಯಲ್ಲಿ ಬರೆಯಿರಿ. 2023ರ ಜನವರಿಯಲ್ಲಿ ಭಾರತ ಆ ಹೆಸರಿನ ಶೃಂಗಸಭೆ ನಡೆಸಿದ ಮೇಲೆ ಪದ ಸಾಕಷ್ಟು ಪರಿಚಿತ.

‘ಮಿಟಿಗೇಶನ್’ಗೆ ಉಪಶಮನ ಬೇಡ, ನೋವಿನ ಮುಲಾಮು ಎನಿಸುತ್ತದೆ. ಇಂಗಾಲ ಹೊರಸೂಸುವುದನ್ನೇ ಕಡಿಮೆ ಮಾಡುವ ಕೆಲಸ ಅದು, ‘ತಗ್ಗಿಸುವಿಕೆ’ ಎನ್ನಿ. ‘ಅಡಾಪ್ಟೇಶನ್’ಗೆ ಹಲವರು ಹೊಂದಾಣಿಕೆ ಎಂದು ಬರೆಯುತ್ತಾರೆ. ಚುನಾವಣೆಯ ಸುದ್ದಿ ಓದುವ ಕನ್ನಡಿಗರಿಗೆ ಹೊಂದಾಣಿಕೆ ಎಂದರೆ ಒಳಗೊಳಗೇ ಮಾಡಿಕೊಂಡ ಒಪ್ಪಂದ. ‘ಪ್ಯಾರಿಸ್ ಒಪ್ಪಂದದಲ್ಲಿ ಹೊಂದಾಣಿಕೆ’ ಎಂಬ ತಲೆಬರಹವನ್ನು ಅವರು ಹೇಗೆ ಓದುತ್ತಾರೆ ನೋಡಿ. ‘ಹೊಂದಿಕೊಳ್ಳುವಿಕೆ’ ಎರಡು ಅಕ್ಷರ ಉದ್ದವಾದರೂ ಅದನ್ನೇ ಹಾಕಿ.