ಬೈಗುಳ ಓದಿ ಮರಾಠಿ ಕಲಿಯಬಹುದೇ?

ಪ್ರಶ್ನೆ: ನಾನು ಹುನಗುಂದದ ಕಡೆಯವಳು. ಬೆಳಗಾವಿಯ ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಖಾನಾಪುರ, ಚಂದಗಡದಿಂದ ಬರುವವರ ಮರಾಠಿ ಅರ್ಧ ತಿಳಿಯುತ್ತದೆ, ಉತ್ತರ ಕೊಡಲು ನಾಲಿಗೆ ಏಳುವುದಿಲ್ಲ. ಮಹಾರಾಷ್ಟ್ರದ ರಾಜಕಾರಣಿಗಳ ಫೇಸ್‌ಬುಕ್ ಪುಟಗಳಲ್ಲಿ ಜನ ಬರೆಯುವ ಕಾಮೆಂಟ್ ಓದಿದರೆ ಆಡುಮಾತು ಬರುತ್ತದೆ ಎಂದು ಗೆಳತಿ ಹೇಳುತ್ತಾಳೆ. ಹಾಗೆ ಕಲಿತವರು ಯಾರಾದರೂ ಇದ್ದೀರಾ?

ಬೈಲಹೊಂಗಲದವರು, ಈಗ ಟಿಳಕವಾಡಿ: ನಾನು ಕಲಿತದ್ದೇ ಹಾಗೆ, ಅಕ್ಕಾ. ಹೊಗಳುವವರನ್ನು ಮಾತ್ರ ಬಿಟ್ಟುಬಿಡಿ. ‘ಸಾಹೇಬ್, ಹಾರ್ದಿಕ್ ಅಭಿನಂದನ್’, ಮುಗಿದ ಕೈ, ಹೂವು, ಮುಗಿಯಿತು; ಅಲ್ಲಿ ಕ್ರಿಯಾಪದವೇ ಸಿಗುವುದಿಲ್ಲ. ಭಾಷೆ ಇರುವುದು ದೂರಿನಲ್ಲಿ. ಭೂಮಿಪೂಜೆಯ ಫೋಟೊ ಹಾಕಿದ್ದರೆ ಅದರ ಕೆಳಗೆ ‘ರಸ್ತಾ ಝಾಲಾ ನಾಹಿ, ವೀಜ್ ಆಲಿ ನಾಹಿ, ಪಾಣಿ ಆಲಂ ನಾಹಿ’, ಅಂದರೆ ‘ರಸ್ತೆ ಆಗಿಲ್ಲ, ಕರೆಂಟು ಬಂದಿಲ್ಲ, ನೀರು ಬಂದಿಲ್ಲ’, ಎಂದು ಯಾರಾದರೂ ಗೊಣಗಿಯೇ ಇರುತ್ತಾರೆ. ನಮಗೆ ರಸ್ತೆ, ಕರೆಂಟು, ನೀರು ಎಲ್ಲವೂ ‘ಅದು’. ಅವರಿಗೆ ರಸ್ತೆ ಗಂಡು, ಕರೆಂಟು ಹೆಣ್ಣು, ನೀರು ನಪುಂಸಕ. ವ್ಯಾಕರಣದ ಪುಸ್ತಕ ನನ್ನ ತಲೆಗೆ ಹತ್ತಿಸಲಾಗದ್ದನ್ನು ಈ ಮೂರು ದೂರುಗಳು ಹತ್ತಿಸಿದವು. ‘ಕಧೀ ಹೋಣಾರ್?’, ಅಂದರೆ ‘ಯಾವಾಗ ಆಗುತ್ತದೆ?’, ಎಂಬುದನ್ನಂತೂ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಭವಿಷ್ಯತ್ಕಾಲ ತಾನಾಗಿಯೇ ಬಂತು.

ಓದಿದ್ದನ್ನು ಹಾಗೆಯೇ ಆಡಲು ಹೋಗಬೇಡಿ. ‘ಗಪ್ಪ ಬಸಾ’ ಎಂದು ಯಾರೋ ಯಾರಿಗೋ ಬರೆದದ್ದನ್ನು ನೋಡಿ, ಗಪ್ಪ ನಮ್ಮಲ್ಲೂ ಇರುವ ಮಾತಲ್ಲವೇ, ‘ಸುಮ್ಮನೆ ಕುಳಿತಿರಿ’ ಎಂದಿರಬೇಕು ಅಂದುಕೊಂಡೆ. ಬಟ್ಟೆ ಅಂಗಡಿಯಲ್ಲಿ ನನ್ನ ಕೆಲಸ. ಒಬ್ಬ ಅಜ್ಜಿಗೆ ಸ್ಟೂಲ್ ಎಳೆದು ಕೊಟ್ಟು, ಮರ್ಯಾದೆಯಿಂದಲೇ, ಹಾಗೆಂದೆ. ‘ಬಾಯಿ ಮುಚ್ಚಿಕೊಂಡಿರಿ’ ಎಂದಂತಾಯಿತು. ಅಜ್ಜಿ ಕೈಯಲ್ಲಿದ್ದ ಖಣವನ್ನು ಮಡಚಿ ಮೇಜಿನ ಮೇಲಿಟ್ಟು ಎದ್ದು ಹೋದರು.

ವಿಜಯಪುರದ ಶಿಕ್ಷಕಿ: ನಮ್ಮವೇ ಎನಿಸುವ ಪದಗಳೇ ಹೆಚ್ಚು ದಾರಿ ತಪ್ಪಿಸುತ್ತವೆ. ಒಂದು ಕಡೆ ಸಾಲಾಗಿ ‘ಜಾಹೀರ್ ನಿಷೇಧ್’ ಎಂದು ಬರೆದಿದ್ದರು. ಏನನ್ನು ನಿಷೇಧಿಸಿದರೋ ಎಂದು ಅರ್ಧ ಗಂಟೆ ಸುದ್ದಿ ಹುಡುಕಿದೆ. ಅದು ಬಹಿರಂಗ ಖಂಡನೆಯಂತೆ! ‘ರಾಗ್’ ಎಂದರೆ ಅವರಲ್ಲಿ ಸಿಟ್ಟು. ಅವಸರದಲ್ಲಿ ಬರೆಯುವವರು ಅನುಸ್ವಾರವನ್ನೂ ನುಂಗುತ್ತಾರೆ, ‘ಆಲಂ’ ಎಂಬುದು ‘ಆಲ’ ಆಗಿರುತ್ತದೆ. ಬರೆಯಲು ಕಲಿಯುವುದಿದ್ದರೆ ದಿನಪತ್ರಿಕೆಯೇ ವಾಸಿ.

ಬೆಳಗಾವಿಯ ಶಹಾಪುರದಿಂದ: ನನ್ನ ಮನೆಮಾತು ಮರಾಠಿ, ಕನ್ನಡವನ್ನು ಹೀಗೆಯೇ ಗಟ್ಟಿ ಮಾಡಿಕೊಂಡೆ. ಮೇಲೆ ‘ಕಾಮಗಾರಿಗೆ ಚಾಲನೆ ನೀಡಲಾಯಿತು’ ಎಂದಿರುತ್ತದೆ, ಕೆಳಗೆ ‘ಕೆಲಸ ಯಾವಾಗ ಶುರು?’ ಎಂದಿರುತ್ತದೆ. ಕಚೇರಿಯ ಕನ್ನಡ, ಮನೆಯ ಕನ್ನಡ ಎರಡೂ ಒಂದೇ ಕಡೆ. ಚುನಾವಣೆ ಹತ್ತಿರ ಬಂದಾಗ ಮಾತ್ರ ಓದಬೇಡಿ. ಬರೀ ಜಗಳ, ಕಲಿಯುವಂಥದ್ದೇನೂ ಇರುವುದಿಲ್ಲ.

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಧನ್ಯವಾದ. ನಿನ್ನೆ ಧೈರ್ಯ ಮಾಡಿ ಒಬ್ಬರಿಗೆ ‘ಗೋಳಿ ಆಲಿ ನಾಹಿ, ಔಷಧ್ ಆಲಂ ನಾಹಿ’ (ಮಾತ್ರೆ ಬಂದಿಲ್ಲ, ಔಷಧ ಬಂದಿಲ್ಲ) ಎಂದೆ. ಅವರು ತಿದ್ದಲಿಲ್ಲ, ‘ಮಗ್ ಕಧೀ ಯೇಣಾರ್?’ (ಮತ್ತೆ ಯಾವಾಗ ಬರುತ್ತದೆ?) ಎಂದರು. ಅದೂ ತಿಳಿಯಿತು. ಉತ್ತರವನ್ನು ಮಾತ್ರ ಕನ್ನಡದಲ್ಲಿ ಕೊಟ್ಟೆ.