ಅಮ್ಮನ ಮಂಡಿನೋವಿಗೆ ಡೈಕ್ಲೋಫೆನಾಕ್: ಮಧ್ಯದಲ್ಲಿ ಇನ್ನೊಂದು ಮಾತ್ರೆ ಕೊಡಬಹುದಾ?

ಅಮ್ಮನಿಗೆ 66 ವರ್ಷ, ಮಂಡಿ ಸವೆದಿದೆ. ಡಾಕ್ಟರು ಡೈಕ್ಲೋಫೆನಾಕ್ 50 ಮಿಲಿಗ್ರಾಂ ಬರೆದಿದ್ದಾರೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ. ಈ ಔಷಧಿ ರಕ್ತದಿಂದ ಬೇಗ ಇಳಿದುಹೋಗುತ್ತದೆ ಅಂತ ಓದಿದ ಅಣ್ಣ, ಮಧ್ಯಾಹ್ನ ಇನ್ನೊಂದು ಕೊಡೋಣ ಅಂತಾನೆ. ನನಗೆ ಭಯ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1
ನಾನು ಫಾರ್ಮಸಿಸ್ಟ್. ಡಾಕ್ಟರನ್ನು ಕೇಳದೆ ಕೊಡಬೇಡಿ ಮೇಡಂ. ಅಣ್ಣ ಓದಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಕಥೆ. ನುಂಗಿದ ಮಾತ್ರೆ ಕರುಳಿನಿಂದ ಮೊದಲು ಲಿವರ್‌ಗೆ ಹೋಗುತ್ತದೆ. ಸುಮಾರು ಅರ್ಧದಷ್ಟು ಅಲ್ಲೇ ಮುಗಿಯುತ್ತದೆ. ಸಿಪಿವೈ2ಸಿ9 ಅನ್ನೋ ಕಿಣ್ವ ಔಷಧಿಯ ಅಣುವಿಗೆ ಒಂದು ಆಕ್ಸಿಜನ್ ಸೇರಿಸುತ್ತದೆ. ಯುಜಿಟಿ2ಬಿ7 ಅನ್ನೋ ಇನ್ನೊಂದು ಕಿಣ್ವ ಸಕ್ಕರೆ ಜಾತಿಯ ಗ್ಲುಕುರೊನಿಕ್ ಆಮ್ಲವನ್ನು ಅಂಟಿಸುತ್ತದೆ. ಆಮೇಲೆ ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮೂತ್ರದಲ್ಲಿ, ಉಳಿದದ್ದು ಪಿತ್ತದ ಜೊತೆ ಹೊರಗೆ ಹೋಗುತ್ತದೆ.

ರಕ್ತದಲ್ಲಿದ್ದದ್ದು ಒಂದೆರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುವುದು ನಿಜ. ಆದರೆ ಅಮ್ಮನಿಗೆ ನೋಯುವುದು ಕೀಲು, ಅಲ್ವಾ? ಕೀಲಿನೊಳಗಿನ ದ್ರವದಲ್ಲಿ ಔಷಧಿ ನಿಧಾನವಾಗಿ ಇಳಿಯುತ್ತದೆ. ಅಲ್ಲಿ 12 ಗಂಟೆಯವರೆಗೂ ರಕ್ತಕ್ಕಿಂತ ಜಾಸ್ತಿ ಉಳಿದಿರುತ್ತದೆ. ಸುಮ್ನೆ ಮೂರನೆಯದನ್ನು ಸೇರಿಸಿದರೆ ಹೊಟ್ಟೆಗೂ ಕಿಡ್ನಿಗೂ ಭಾರ.

ಉತ್ತರ 2
ನಮ್ಮಪ್ಪನಿಗೆ ಆದದ್ದು ಹೇಳುತ್ತೇನೆ ಅಕ್ಕ. ಹೃದಯದ ವಾಲ್ವ್ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅಸೆನೊಕೌಮರಾಲ್ ಮಾತ್ರೆ ದಿನಾ ನುಂಗುತ್ತಾರೆ. ಸೊಂಟ ಹಿಡಿದಿದೆ ಅಂತ ಮನೆಯಲ್ಲಿದ್ದ ನೋವಿನ ಮಾತ್ರೆಯನ್ನು ನಮಗೆ ಹೇಳದೆ ಮೂರು ದಿನ ತಗೊಂಡರು. ನಾಲ್ಕನೇ ದಿನ ಹಲ್ಲುಜ್ಜುವಾಗ ಉಗುಳಿದ್ದೆಲ್ಲ ಕೆಂಪು. ಬ್ರಷ್ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದರು. ರಕ್ತ ಪರೀಕ್ಷೆ ಮಾಡಿಸಿದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಐಎನ್‌ಆರ್ ಮಿತಿ ದಾಟಿತ್ತು. ಅಸೆನೊಕೌಮರಾಲನ್ನೂ ಒಡೆಯುವುದು ಮೇಲೆ ಹೇಳಿದ ಇದೇ ಸಿಪಿವೈ2ಸಿ9 (2ಸಿ9) ಕಿಣ್ವ ಅಂತ ಡಾಕ್ಟರು ಹೇಳಿದರು. ಜೊತೆಗೆ ನೋವಿನ ಮಾತ್ರೆ ಹೊಟ್ಟೆಯ ಒಳಪದರವನ್ನೂ ಕೆಡಿಸುತ್ತದಂತೆ. ಅಮ್ಮ ಬೇರೇನು ನುಂಗುತ್ತಾರೆ ಅಂತ ಮೊದಲು ನೋಡಿ.

ಉತ್ತರ 3
ಕೆಲವರಿಗೆ ಹುಟ್ಟಿನಿಂದಲೇ 2ಸಿ9 ನಿಧಾನ. ಅಂಥವರಿಗೆ ಸೆಲಿಕಾಕ್ಸಿಬ್ ಅನ್ನೋ ಇನ್ನೊಂದು ನೋವಿನ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡುತ್ತಾರೆ. ಡೈಕ್ಲೋಫೆನಾಕ್‌ಗೆ ಬೇರೆ ಕಿಣ್ವಗಳ ಆಸರೆಯೂ ಇರುವುದರಿಂದ ಅಷ್ಟು ವ್ಯತ್ಯಾಸ ಆಗುವುದಿಲ್ಲ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಕೂಡ 2ಸಿ9 ಕಿಣ್ವವನ್ನು ತಡೆಯುತ್ತದೆ. ಅದರ ಜೊತೆ ಸೆಲಿಕಾಕ್ಸಿಬ್ ತಗೊಂಡರೆ ರಕ್ತದಲ್ಲಿ ಸೆಲಿಕಾಕ್ಸಿಬ್ ಸುಮಾರು ಎರಡು ಪಟ್ಟಾಗುತ್ತದೆ. ಡೈಕ್ಲೋಫೆನಾಕ್ ತಿಂಗಳುಗಟ್ಟಲೆ ನಡೆಯುವುದಾದರೆ ಲಿವರ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ನಮ್ಮತ್ತೆಗೆ ಎರಡು ತಿಂಗಳಾಗುತ್ತಲೇ ಮಾಡಿಸಿದ್ದೆವು.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಓದಿ ಹೇಳಿದೆ, ಒಪ್ಪಿಕೊಂಡ. ಅಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿದರೆ ಹುಳುಕಡ್ಡಿಗೆ ಅಂತ ವಾರಕ್ಕೊಂದು ನುಂಗುವ ಫ್ಲುಕೊನಜೋಲ್ ಇದೆ! ಮಂಡಿ ಡಾಕ್ಟರಿಗೆ ಅದನ್ನು ಹೇಳೇ ಇರಲಿಲ್ಲ. ನಾಳೆ ಡಬ್ಬಿ ಸಮೇತ ಹೋಗುತ್ತೇನೆ.